ಕಸಿ ಹಿಡಿಯುವ ಹೊತ್ತು



ಇದು ಆಟಿ ತಿಂಗಳು. ನಮ್ಮ ಮನೆ ಸಿದ್ಧಕಟ್ಟೆಯ ಹತ್ತಿರ. ತಾಲ್ಲೂಕು ಬಂಟ್ವಾಳವಾದರೂ ಒಂದು ಬಸ್ಸು ಹಿಡಿದರೆ ಮೂಡುಬಿದಿರೆ, ಇನ್ನೊಂದು ಹಿಡಿದರೆ ವೇಣೂರು ದಾಟಿ ಬೆಳ್ತಂಗಡಿ. ಮೂರೂ ಪೇಟೆಗಳು ನಮಗೆ ಸ್ವಂತದವೇ. ನಿನ್ನೆ ಇಡೀ ದಿನ ನಾನೂ ಅಮ್ಮನೂ ಜಗಲಿಯಲ್ಲಿ ಕೂತು ಗೇರಿನ ಕಸಿ ಕಟ್ಟಿದೆವು. ಹೊರಗೆ ಮಳೆ ಬಿಟ್ಟುಬಿಟ್ಟು ಹೊಯ್ಯುತ್ತಿತ್ತು. ಸೊನೆಯ ಕಪ್ಪು ಉಗುರಿನ ಸಂದಿಯಲ್ಲಿ ಇನ್ನೂ ಉಂಟು, ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಕಸಿ ಕಟ್ಟುವುದನ್ನು ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುಮಾರು ಎರಡು ತಿಂಗಳು ಬೆಳೆದ ಗೇರಿನ ಗಿಡವೊಂದು ಬೇಕು. ಅದರ ತಲೆ ಕತ್ತರಿಸಿ, ಕಾಂಡದ ನಡುವೆ ಬೆರಳಿನ ಎರಡು ಗೆಣ್ಣಿನಷ್ಟು ಉದ್ದ ಸೀಳುತ್ತೇವೆ. ಒಳ್ಳೆಯ ಮರದಿಂದ ಕೊಯ್ದು ತಂದ ಪೆನ್ಸಿಲ್ ದಪ್ಪದ ಕಡ್ಡಿಯ ಬುಡವನ್ನು ಎರಡೂ ಕಡೆ ಕೆತ್ತಿ, ಬೆಣೆಯ ಹಾಗೆ ಮಾಡಿ, ಆ ಸೀಳಿನೊಳಗೆ ಇಳಿಸುತ್ತೇವೆ. ಸಿಪ್ಪೆಗೆ ಸಿಪ್ಪೆ ಒಂದು ಕಡೆಯಾದರೂ ಸರಿಯಾಗಿ ಕೂಡಬೇಕು. ಆಮೇಲೆ ಪಟ್ಟಿಯಿಂದ ಸುತ್ತಿ ಕಟ್ಟುವುದು. ಸಡಿಲವಾದರೆ ನೀರಿಳಿದು ಕೊಳೆಯುತ್ತದೆ, ಬಿಗಿ ಹೆಚ್ಚಾದರೆ ಎಳೆಯ ಕಾಂಡ ನಲುಗುತ್ತದೆ. ಮೇಲಿನಿಂದ ಐಸ್‌ಕ್ಯಾಂಡಿಯ ತೊಟ್ಟೆಯನ್ನು ಟೊಪ್ಪಿಯ ಹಾಗೆ ತೊಡಿಸಿ ನೆರಳಿನಲ್ಲಿಟ್ಟರೆ ಮೂರು ವಾರಕ್ಕೆ ಚಿಗುರು ಕಾಣಿಸುತ್ತದೆ. ಕಸಿ ಹಿಡಿಯಿತು ಎಂದು ನಾವು ಹೇಳುವುದು ಆಗ.

ನಾನು ಕಟ್ಟಿದ ನೂರರಲ್ಲಿ ಇಪ್ಪತ್ತು ಒಣಗುತ್ತವೆ. ಅಮ್ಮನ ಕೈಯಲ್ಲಿ ಐದಾರು ಒಣಗಿದರೆ ಹೆಚ್ಚು. ನಾನು ತರಬೇತಿ ಪಡೆದು ಬಂದವಳು. ಅಮ್ಮ ನನ್ನ ಪಕ್ಕದಲ್ಲಿ ಕೂತು ನೋಡಿ ಕಲಿತವರು, ಅದೂ ಐವತ್ತೈದು ದಾಟಿದ ಮೇಲೆ. ಆ ಕೈಗುಣ ಎಲ್ಲಿಂದ ಬಂತು ಎಂಬುದೇ ನಾನು ಈ ಹೊತ್ತು ಹೇಳಬೇಕೆಂದು ಬಂದ ವಿಷಯ.

ಅಮ್ಮ ನಲವತ್ತು ವರ್ಷ ಬೀಡಿ ಕಟ್ಟಿದವರು.

ನಾನು ಈಗ ಮಾತಾಡುತ್ತಿರುವ ಈ ಮಂಗಳೂರು ಆಕಾಶವಾಣಿ ನಿಲಯ 1976ರ ಡಿಸೆಂಬರ್ 11ರಂದು ಆರಂಭವಾಯಿತು. ಅಮ್ಮ ತೊಡೆಯ ಮೇಲೆ ಮೊರದಂಥ ಬೀಡಿಯ ಸೂಪು ಇಟ್ಟುಕೊಂಡದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ನಮ್ಮ ಕಡೆ ಹಳ್ಳಿಹಳ್ಳಿಯಲ್ಲಿ ಸೂಪೂ ರೇಡಿಯೊವೂ ಒಟ್ಟಿಗೇ ಇರುತ್ತಿದ್ದವು. ಕಣ್ಣು, ಕೈ ಎರಡೂ ಕೆಲಸದಲ್ಲಿದ್ದಾಗ ಬಿಡುವಿರುವುದು ಕಿವಿಗೆ ಮಾತ್ರ. ಹಿಂದಿನ ರಾತ್ರಿ ನೆನೆಸಿ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ತಗಡಿನ ಅಳತೆ, ಕತ್ತರಿ, ಹೊಗೆಸೊಪ್ಪಿನ ಪುಡಿ, ನೂಲು. ಎಲೆ ಕತ್ತರಿಸಿ, ಪುಡಿ ತುಂಬಿ, ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಕಟ್ಟಿ ಕೆಳಗಿಡುವುದಕ್ಕೆ ಅಮ್ಮನಿಗೆ ಅರ್ಧ ನಿಮಿಷ ಬೇಕಿರಲಿಲ್ಲ. 25 ಬೀಡಿಗೆ ಒಂದು ಕಟ್ಟು. ದಿನಕ್ಕೆ ಸಾವಿರ ಆಗಬೇಕಾದರೆ ಬೆಳಿಗ್ಗೆ ಒಲೆಗೆ ಬೆಂಕಿ ಹಾಕುವ ಮೊದಲೇ ಸುರು ಮಾಡಬೇಕಿತ್ತು. ಸಂಜೆ ಬೀಡಿ ಕಂಪೆನಿಯ ಬ್ರ್ಯಾಂಚಿಗೆ ಕೊಂಡುಹೋದರೆ ಅಲ್ಲಿ ಒಂದೊಂದು ಕಟ್ಟನ್ನೂ ಒತ್ತಿ ನೋಡಿ, ಸರಿಯಿಲ್ಲದ್ದನ್ನು ಮುರಿದು ಬದಿಗೆ ಹಾಕುತ್ತಿದ್ದರು. ಮುರಿದ ಬೀಡಿಗೆ ಮಜೂರಿ ಇಲ್ಲ. ನೂಲಿನ ಬಿಗಿ ಎಷ್ಟಿರಬೇಕು ಎಂಬುದನ್ನು ಅಮ್ಮನ ಬೆರಳು ಕಲಿತದ್ದು ಹೀಗೆ, ನಷ್ಟ ತಿಂದು.

ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಮನೆ ನಡೆದದ್ದು ಬೀಡಿಯಿಂದ. ಬೀಡಿ ಕಾರ್ಮಿಕರ ಮಕ್ಕಳಿಗೆ ಬರುವ ವಿದ್ಯಾರ್ಥಿವೇತನದಿಂದ ನಾನು ಮೂಡುಬಿದಿರೆಯಲ್ಲಿ ಕಾಲೇಜು ಮುಗಿಸಿದೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಇವತ್ತು ಮೇಷ್ಟ್ರು, ನರ್ಸ್, ಬ್ಯಾಂಕಿನವರು ಎಂದಿರುವ ಎಷ್ಟೋ ಮಂದಿಯ ಫೀಸು ಆ ಸೂಪಿನಿಂದಲೇ ಎದ್ದು ಬಂದದ್ದು. ಇದನ್ನು ಯಾರೂ ಮರೆಯಬಾರದು. ಬೀಡಿ ಸೇದುವವರ ಎದೆಗೆ ಕೆಟ್ಟದ್ದು, ಕಟ್ಟುವವರ ಬೆನ್ನಿಗೆ, ಕಣ್ಣಿಗೆ, ಉಸಿರಿಗೂ ಕೆಟ್ಟದ್ದು. ಅದು ನಿಲ್ಲಬೇಕಾದದ್ದೇ. ಆದರೆ ಅದು ನಿಲ್ಲುವಾಗ ಯಾರ ಅನ್ನ ನಿಲ್ಲುತ್ತದೆ ಎಂದು ನೋಡುವ ಹೊಣೆ ಎಲ್ಲರದ್ದು.

2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗಗಳಲ್ಲಿ ಸೇದಬಾರದೆಂದಾಯಿತು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಬೀಡಿಗೆ ಶೇಕಡ 28 ತೆರಿಗೆ ಬಿತ್ತು. ಸೇದುವವರೂ ಕಡಿಮೆಯಾಗುತ್ತ ಬಂದರು. ವಾರಕ್ಕೆ ಆರು ದಿನ ಬ್ರ್ಯಾಂಚಿನಿಂದ ಸಿಗುತ್ತಿದ್ದ ಎಲೆ ನಾಲ್ಕು ದಿನಕ್ಕೆ ಇಳಿಯಿತು, ಮೂರಕ್ಕೆ ಇಳಿಯಿತು. ಸಭೆಗಳಲ್ಲಿ ‘ಪರ್ಯಾಯ ಉದ್ಯೋಗ’ ಎಂಬ ಮಾತು ಕೇಳಿಬರುತ್ತಿತ್ತು. ಅಂಥ ಒಂದು ಸಭೆಯಿಂದ ಬಂದ ಅಮ್ಮ ಚಪ್ಪಲಿ ಬಿಡುತ್ತಲೇ ಕೇಳಿದರು, “ನನಗೆ ಗೊತ್ತಿರುವುದು ಕಟ್ಟುವುದು ಒಂದೇ ಮಗಾ. ಬೇರೆ ಎಂತ ಮಾಡುವುದು?” ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಅಮ್ಮನ ಪ್ರಶ್ನೆಯೊಳಗೇ ಇತ್ತು ಎಂದು ತಿಳಿಯಲು ನನಗೆ ವರ್ಷಗಳು ಬೇಕಾದವು.

ನಮ್ಮ ಊರುಗಳಿಗೆ ಇದು ಮೊದಲ ಬದಲಾವಣೆಯೇನೂ ಅಲ್ಲ. ಅಜ್ಜಿಯ ತವರು ಬಂಟ್ವಾಳದ ಬಡ್ಡಕಟ್ಟೆಯ ಕಡೆ. ಲಾರಿ, ಬಸ್ಸು ಬರುವ ಮೊದಲು ಬಂಟ್ವಾಳ ಎಂದರೆ ನೇತ್ರಾವತಿಯ ದಂಡೆಯ ದೊಡ್ಡ ಪೇಟೆ. ಘಟ್ಟದಿಂದ ಇಳಿದ ಕಾಫಿ, ಮೆಣಸು ಇಲ್ಲಿ ದೋಣಿ ಹತ್ತಿ ಮಂಗಳೂರಿನ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಉಪ್ಪು, ಒಣಮೀನು ಹೊಳೆಯಲ್ಲೇ ಮೇಲೆ ಬರುತ್ತಿತ್ತು. ಹೊಳೆ ಅನ್ನ ಕೊಟ್ಟಿತು, 1923ರಲ್ಲಿ, ಮತ್ತೆ 1974ರಲ್ಲಿ ಬೊಳ್ಳವಾಗಿ ಬಂದು ಪೇಟೆಯನ್ನೇ ಮುಳುಗಿಸಿತು. ಆಮೇಲೆ ರಸ್ತೆ ಗೆದ್ದಿತು. ಪೇಟೆಗೆ ಹೋಗುವ ದಾರಿ ಹೆದ್ದಾರಿಯಿಂದ ಕವಲೊಡೆಯುವ ಕಡೆ ನಾಲ್ಕು ಅಂಗಡಿ ಎದ್ದವು. ಆ ಜಾಗಕ್ಕೆ ಒಂದು ಹೆಸರೂ ಇರಲಿಲ್ಲ, ಬಂಟ್ವಾಳ ಕ್ರಾಸ್ ರೋಡ್ ಅಷ್ಟೆ. ಇವತ್ತು ತಾಲ್ಲೂಕು ಕಚೇರಿ, ಕೋರ್ಟು, ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ ಎಲ್ಲ ಇರುವುದು ಆ ಬಿ.ಸಿ. ರೋಡಿನಲ್ಲೇ. ದೋಣಿಯವರು ಏನಾದರು ಎಂದು ನಾನು ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳಿದ್ದೆ. ಕೆಲವರು ಮರಳು ತೆಗೆಯಲು ಹೋದರು, ಕೆಲವರು ಹೊಳೆಯ ಆಚೆ ಈಚೆ ಜನ ದಾಟಿಸುವ ಕಡವಿನಲ್ಲಿ ನಿಂತರು, ಕೆಲವರು ಲಾರಿಗೆ ಸಾಮಾನು ತುಂಬಿದರು ಎಂದು ಅಜ್ಜಿ ಹೇಳಿದ್ದರು. ಹೊಳೆಯ ಬುದ್ಧಿ ಗೊತ್ತಿದ್ದವರು ಹೊಳೆಯ ಬುಡದಲ್ಲೇ ಕೆಲಸ ಹುಡುಕಿದರು.

ಅಜ್ಜನ ಕಾಲದ ಬದಲಾವಣೆ ಇನ್ನೊಂದು ಬಗೆಯದು. ಅವರು ಗೇಣಿಗೆ ಗದ್ದೆ ಮಾಡುತ್ತಿದ್ದವರು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂತು. ನಮ್ಮ ಜಿಲ್ಲೆಯಲ್ಲಿ ಒಕ್ಕಲುಗಳೆಲ್ಲ ಫಾರಂ ತುಂಬಿಸಿದರು. ನಮ್ಮವರು ಅದಕ್ಕೆ ಇವತ್ತಿಗೂ ‘ಡಿಕ್ಲರೇಶನ್ ಕೊಟ್ಟದ್ದು’ ಎಂದೇ ಹೇಳುವುದು. ಭೂನ್ಯಾಯ ಮಂಡಳಿಯ ಎದುರು ಸಾಕ್ಷಿ ಹೇಳಿ, ಅಲೆದು, ಅಜ್ಜನಿಗೆ ಗದ್ದೆ, ಗುಡ್ಡದ ಬದಿ ಸೇರಿ ಒಂದು ಎಕರೆಗೆ ಸ್ವಲ್ಪ ಕಡಿಮೆ ಸಿಕ್ಕಿತು. ಒಳ್ಳೆಯ ಬದಲಾವಣೆಗೂ ಒಗ್ಗಿಕೊಳ್ಳಬೇಕಾಗುತ್ತದೆ ಎಂಬುದನ್ನು ಅಜ್ಜನನ್ನು ನೆನೆದಾಗ ಯೋಚಿಸುತ್ತೇನೆ. ಅಷ್ಟು ವರ್ಷ ಯಾವ ಬೆಳೆ, ಯಾವಾಗ ಬಿತ್ತನೆ ಎಂದು ಧಣಿಗಳ ಮನೆಯಿಂದ ಹೇಳಿ ಬರುತ್ತಿತ್ತು. ಪಟ್ಟೆ ಕೈಗೆ ಬಂದ ವರ್ಷ ಅಜ್ಜ ಗದ್ದೆಯ ಹುಣಿಯ ಮೇಲೆ ಒಬ್ಬರೇ ನಿಂತುಬಿಡುತ್ತಿದ್ದರಂತೆ. ಅತ್ತ ಭೂಮಿ ಕಳೆದುಕೊಂಡ ಮನೆಗಳಲ್ಲೂ ಕಷ್ಟ ಇತ್ತು. ಗೇಣಿಯ ಅಕ್ಕಿಯನ್ನೇ ನಂಬಿದ್ದ ಸಣ್ಣ ಮನೆಗಳ ಮಕ್ಕಳು ಅಜ್ಜಿಯಂದಿರ ಚಿನ್ನ ಅಡವಿಟ್ಟು ಓದಿದರು, ಬೆಂಗಳೂರಿಗೆ, ಮುಂಬಯಿಗೆ ಹೋದರು.

ಬದುಕು ಬದಲಿಸಿಕೊಂಡ ಇನ್ನೊಬ್ಬರನ್ನೂ ಇಲ್ಲಿ ನೆನೆಯಬೇಕು. ಬಂಟ್ವಾಳ ತಾಲ್ಲೂಕಿನ ತೆಂಕಣ ತುದಿಯಲ್ಲಿ, ಕಾಸರಗೋಡಿನ ಗಡಿಗೆ ತಾಗಿದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಇದೇ ರೇಡಿಯೊದಲ್ಲಿ ಸುದ್ದಿ ಕೇಳಿ ಅಮ್ಮ ಕತ್ತರಿ ಕೆಳಗಿಟ್ಟದ್ದು ನೆನಪಿದೆ. ಅವರು ಅಡಿಕೆ, ತೆಂಗಿನ ಮರ ಹತ್ತುವ ಕೆಲಸದವರು, ತೋಟದ ಕೂಲಿಯವರು. ಧಣಿಗಳು ಪ್ರೀತಿಯಿಂದ ಗುಡ್ಡದ ಮೇಲೆ ಎರಡು ಎಕರೆ ಜಾಗ ಕೊಟ್ಟರು. ಬೋಳು ಇಳಿಜಾರು, ನೀರು ಇಲ್ಲ. ಬಾವಿ ತೋಡಿಸಲು, ಪಂಪು ಇಡಲು ಹಣ ಎಲ್ಲಿಂದ? ನಮ್ಮ ಈ ಗಡಿಯ ಭಾಗದಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಆಳು ಹೋಗುವಷ್ಟು ಅಗಲದ ಸುರಂಗ ಕೊರೆದು, ಒಳಗೆ ಜಿನುಗುವ ನೀರನ್ನು ಹೊರಗೆ ಹರಿಸಿಕೊಳ್ಳುವ ಹಳೆಯ ಕ್ರಮ ಉಂಟು. ನೀರು ತಾನಾಗಿ ಇಳಿದು ಬರುತ್ತದೆ, ಕರೆಂಟು ಬೇಡ. ಅವರು ಅದನ್ನೇ ಹಿಡಿದರು. ಹಗಲು ಬೇರೆಯವರ ತೋಟದಲ್ಲಿ ಕೂಲಿ, ಸಂಜೆಯಿಂದ ರಾತ್ರಿಯವರೆಗೆ ದೀಪ ಇಟ್ಟುಕೊಂಡು ಗುಡ್ಡದ ಹೊಟ್ಟೆಯೊಳಗೆ ಒಬ್ಬರೇ. ಒಂದು ಸುರಂಗ ಒಣಗಿತ್ತು, ಇನ್ನೊಂದು ತೋಡಿದರು. ಅದೂ ಒಣಗಿತ್ತು, ಮತ್ತೊಂದು. ವರ್ಷಗಳು ಹೋದವು. ಊರಿನವರು ನಕ್ಕರಂತೆ. ಕೊನೆಗೆ ನೀರು ಬಂತು. ಆಮೇಲೆ ಕಲ್ಲು ಹೊತ್ತು ಹೊತ್ತು ಕಟ್ಟೆ ಕಟ್ಟಿ, ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿ ಅಡಿಕೆ, ತೆಂಗು, ಬಾಳೆ, ಮೆಣಸು ಎಬ್ಬಿಸಿದರು.

ಅವರ ಹಟವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದದ್ದೇ. ನನ್ನ ಮನಸ್ಸು ನಿಲ್ಲುವುದು ಬೇರೆ ಕಡೆ. ಬಡಕೂಲಿಯವನು ತೋಟದ ಯಜಮಾನನಾಗಲು ಹೊರಟಾಗ ಅವರು ತಮಗೆ ಗೊತ್ತಿಲ್ಲದ ದಾರಿಗೆ ಹೋಗಲಿಲ್ಲ. ಹಾರೆ ಹಿಡಿಯುವ ಕೈ, ಕತ್ತಲೆಗೆ ಹೆದರದ ಎದೆ, ಮಣ್ಣಿನ ಹಸಿ ನೋಡಿ ನೀರಿನ ಜಾಡು ತಿಳಿಯುವ ಕಣ್ಣು, ಈ ಮೂರು ಅವರಲ್ಲಿ ಮೊದಲೇ ಇದ್ದವು. ಬದುಕು ಬದಲಾಯಿತು, ಕೈ ಅದೇ.

ಮರ ಹತ್ತುವವರ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಊರಿನಲ್ಲಿ ಅಡಿಕೆ ಕೊಯ್ಯುವ, ಮದ್ದು ಬಿಡುವ ಅಣ್ಣ ಒಬ್ಬರಿದ್ದಾರೆ. ಕಾಲಿಗೆ ತಳೆ ಹಾಕಿ ಒಂದು ಮರ ಹತ್ತಿದರೆ ಕೆಳಗೆ ಇಳಿಯದೆ ಮರದಿಂದ ಮರಕ್ಕೆ ಬಗ್ಗಿಸಿಕೊಂಡು ಹೋಗುತ್ತಿದ್ದವರು. ಮಳೆ ಹಿಡಿಯುವ ಮೊದಲು ಒಮ್ಮೆ, ಮತ್ತೆ ಒಂದೂವರೆ ತಿಂಗಳಿಗೆ ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆರೋಗ ಬಂದು ಅಡಿಕೆ ಉದುರುತ್ತದೆ. ಆ ದಿನಗಳಲ್ಲಿ ಅವರ ಮನೆಯ ಬಾಗಿಲಲ್ಲಿ ಧಣಿಗಳೇ ಕಾಯುತ್ತಿದ್ದರು. ನಲವತ್ತೆಂಟನೆಯ ವಯಸ್ಸಿಗೆ ಮೊಣಗಂಟು ಕೈಕೊಟ್ಟಿತು. ಒಂದು ಮಳೆಗಾಲ ಇಡೀ ಮನೆಯ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದರು, ಯಾರ ಹತ್ತಿರವೂ ಮಾತಿಲ್ಲ.

ಆ ಹೊತ್ತಿಗೆ ನಮ್ಮ ಕಡೆ ಮರ ಹತ್ತುವವರೇ ಇಲ್ಲದ ಕಾಲ ಬಂದಿತ್ತು. 2019ರಲ್ಲಿ ನಮ್ಮದೇ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಪೆಟ್ರೋಲ್ ಎಂಜಿನ್ ಇಟ್ಟು ಅಡಿಕೆ ಮರ ಹತ್ತುವ ಬೈಕ್ ಮಾಡಿದ್ದನ್ನು, ಅವರ ಮಗಳು ಅದರಲ್ಲಿ ಕೂತು ಸರಾಗವಾಗಿ ಮರದ ತುದಿಗೆ ಹೋದದ್ದನ್ನು ದೇಶವೇ ನೋಡಿತು. ಆಮೇಲೆ ಕಾರ್ಬನ್ ಫೈಬರ್ ದೋಟಿ ತೋಟಗಳಿಗೆ ಬಂತು. ಒಂದರೊಳಗೊಂದು ಸೇರಿಸಿ ಎತ್ತರಕ್ಕೆ ಉದ್ದ ಮಾಡಿಕೊಳ್ಳುವ, ಹಗುರದ ಕೋಲು. ನೆಲದಲ್ಲಿ ನಿಂತೇ ಗೊನೆ ಕೊಯ್ಯಬಹುದು, ಮದ್ದೂ ಬಿಡಬಹುದು. ಹತ್ತುವ ಗಂಡಸರ ಕೆಲಸಕ್ಕೆ ಅದು ಕತ್ತರಿ ಎಂದು ಮೊದಲು ಎಲ್ಲರೂ ಹೇಳಿದರು. ಆದರೆ ದೋಟಿ ಹಿಡಿಯುವುದಕ್ಕೂ ಅಭ್ಯಾಸ ಬೇಕು. ಯಾವ ಗೊನೆ ಹಣ್ಣಾಗಿದೆ, ಎಲ್ಲಿ ಕತ್ತಿ ಇಟ್ಟು ಎಳೆದರೆ ಹಿಂಗಾರಕ್ಕೆ ಪೆಟ್ಟಾಗುವುದಿಲ್ಲ, ಗಾಳಿ ಬಂದಾಗ ಮರ ಯಾವ ಕಡೆ ವಾಲುತ್ತದೆ, ಇದೆಲ್ಲ ಇಪ್ಪತ್ತೈದು ವರ್ಷ ಮರದ ತುದಿಯಲ್ಲಿ ಕಳೆದವರಿಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತು? ನೆರೆಮನೆಯ ಕೃಷಿಕರು ಒಂದು ದೋಟಿ ತಂದು ಅಣ್ಣನ ಅಂಗಳದಲ್ಲಿಟ್ಟು, “ನೋಡು ಮಾರಾಯ, ನಿನಗೇ ಆಗುವುದು ಇದು” ಎಂದರಂತೆ. ಈಗ ಆ ಅಣ್ಣ ಕುತ್ತಿಗೆಗೆ ಬೈರಾಸು ಸುತ್ತಿಕೊಂಡು ಮೇಲೆ ನೋಡುತ್ತ ಕೆಲಸ ಮಾಡುತ್ತಾರೆ. ಹುಡುಗರಿಗೆ ಕಲಿಸುತ್ತಾರೆ ಕೂಡ.

ಈಗ ನನ್ನ ಮಾತು. ನಾನು ಕನ್ನಡ ಟೀಚರಾಗಿದ್ದವಳು. ಅನುದಾನವಿಲ್ಲದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಹನ್ನೆರಡು ವರ್ಷ ಪಾಠ ಮಾಡಿದೆ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಬಂಟ್ವಾಳದಲ್ಲಿ. ಮನೆಮಾತು ಕೊಂಕಣಿ, ಪೇಟೆಯ ಮಾತು ತುಳು, ಮಕ್ಕಳಿಗೆ ಬರೆದುಕೊಟ್ಟದ್ದು ಕನ್ನಡ. ತುಳು ಮಾತಾಡುವ ನಮ್ಮ ಮಕ್ಕಳಿಗೆ ಅವರ ಹಾಡು ಹೇಳಿಕೊಡುವಾಗ ನಾನು ಇದನ್ನು ತಪ್ಪದೆ ಹೇಳುತ್ತಿದ್ದೆ. ಮೂಡುಬಿದಿರೆಯ ಬಸದಿಗಳಿಗೆ ಪ್ರವಾಸ ಕರೆದೊಯ್ದಾಗ, 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಮೆಟ್ಟಿಲಲ್ಲಿ ಕೂರಿಸಿ ರತ್ನಾಕರವರ್ಣಿಯ ಕಥೆ ಹೇಳುತ್ತಿದ್ದೆ. ಹದಿನಾರನೆಯ ಶತಮಾನದ ಈ ಕವಿ ಸಿಟ್ಟಾಗಿ ಮತ ಬಿಟ್ಟು ಹೋದ, ಮತ್ತೆ ತಿರುಗಿ ಬಂದ ಎಂದು ಊರಿನ ಕಥೆ. ಅವನ ‘ಭರತೇಶ ವೈಭವ’ದ ಭರತ ಅರಮನೆ ಬಿಟ್ಟು ಓಡಲಿಲ್ಲ, ಸಂಸಾರದ ನಡುವೆಯೇ ಯೋಗಿಯಾದ. ತನ್ನ ಸ್ವಭಾವಕ್ಕೆ ಒಗ್ಗುವ ದಾರಿ ಎಂದರೆ ಏನು ಎಂದು ನನಗೆ ಮೊದಲು ಹೊಳೆದದ್ದು ಆ ಕಾವ್ಯವನ್ನು ಕಾಲೇಜಿನಲ್ಲಿ ಓದಿದಾಗ.

ವರ್ಷ ವರ್ಷವೂ ಮಕ್ಕಳು ಕಡಿಮೆಯಾದರು. ಬೆಳಿಗ್ಗೆ ಇಂಗ್ಲಿಷ್ ಮಾಧ್ಯಮ ಶಾಲೆಯ ಹಳದಿ ವ್ಯಾನು ನಮ್ಮ ಗೇಟಿನ ಎದುರಿನಿಂದಲೇ ಮಕ್ಕಳನ್ನು ತುಂಬಿಸಿಕೊಂಡು ಹೋಗುತ್ತಿತ್ತು. 2018ರಲ್ಲಿ ನಾಲ್ಕು ತರಗತಿಗೆ ಸೇರಿ ಹನ್ನೊಂದು ಮಂದಿ ಉಳಿದಿದ್ದರು. ಏಪ್ರಿಲಿನಲ್ಲಿ ಬಾಗಿಲು ಹಾಕಿತು. ಕೊನೆಯ ದಿನ ಹಾಜರಿ ಪುಸ್ತಕವನ್ನು ಯಾರಿಗೆ ಕೊಡಬೇಕೆಂದು ಗೊತ್ತಾಗದೆ ಮನೆಗೇ ತಂದೆ. ಈಗಲೂ ಉಂಟು, ನನ್ನ ಕಪಾಟಿನಲ್ಲಿ.

ಆಗ ನನಗೆ ಮೂವತ್ತನಾಲ್ಕು ವರ್ಷ. ಅಮ್ಮನಿಗೆ ಎಲೆ ಇಲ್ಲ, ನನಗೆ ಶಾಲೆ ಇಲ್ಲ. ಬಂದವರೆಲ್ಲ ಒಂದೊಂದು ದಾರಿ ಹೇಳಿದರು. ಹೊಲಿಗೆ ಕಲಿ ಎಂದರು, ಕಲಿತೆ. ಆರು ತಿಂಗಳು ಮೆಷಿನ್ ತುಳಿದೆ. ಅಳತೆ ನನ್ನ ಕೈಗೆ ಹತ್ತಲೇ ಇಲ್ಲ. ಬಟ್ಟೆ ಕೊಟ್ಟವರು ಬೇಸರ ತೋರಿಸದೆ ಒಯ್ದರು, ಮತ್ತೆ ಬರಲಿಲ್ಲ. ರಾತ್ರಿ ಮಲಗಿದರೆ ನಿದ್ದೆ ಇಲ್ಲ. ಎಲ್ಲರಿಗೂ ಆಗುವುದು ನನಗೇ ಏಕೆ ಆಗುವುದಿಲ್ಲ ಎಂದು ಅತ್ತದ್ದೂ ಉಂಟು. ಬದಲಾವಣೆಗೆ ಒಗ್ಗಿಕೊಳ್ಳಬೇಕು ಎಂದು ಬೋಧಿಸುವವರಿಗೆ ನಾನು ಕೈಮುಗಿದು ಹೇಳುವುದು ಒಂದೇ. ಒಗ್ಗಿಕೊಳ್ಳುವುದು ರಾತ್ರಿ ಬೆಳಗಾಗುವುದರೊಳಗೆ ಆಗುವ ಕೆಲಸವಲ್ಲ. ನಡುವೆ ಏನೂ ಇಲ್ಲದ ಒಂದು ಕಾಲ ಇರುತ್ತದೆ. ಹಳೆಯದು ಹೋಗಿರುತ್ತದೆ, ಹೊಸದು ಬಂದಿರುವುದಿಲ್ಲ. ಆ ಕಾಲದಲ್ಲಿ ಮನುಷ್ಯನಿಗೆ ಬೇಕಾದದ್ದು ಉಪದೇಶವಲ್ಲ, ಎರಡು ಹೊತ್ತಿನ ಊಟ ಮತ್ತು ನಂಬುವ ಒಬ್ಬರು.

ಉಜಿರೆಗೆ ಹೋಗು ಎಂದು ಹೇಳಿದವರು ಬ್ಯಾಂಕಿನಲ್ಲಿದ್ದ ನನ್ನ ಹಳೆಯ ಸಹಪಾಠಿ. ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದವರೂ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕುಗಳೂ ಸೇರಿ ಒಂದು ತರಬೇತಿ ಸಂಸ್ಥೆ ಕಟ್ಟಿದರು. ರುಡ್‌ಸೆಟ್ ಎಂದರೆ ಎಲ್ಲರಿಗೂ ಗೊತ್ತು. ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸೋತ ಹಳ್ಳಿಯ ಹುಡುಗರನ್ನು ಕರೆದು, ಊಟ ವಸತಿ ಕೊಟ್ಟು, ದುಡ್ಡು ತೆಗೆದುಕೊಳ್ಳದೆ ಕೆಲವೇ ವಾರಗಳಲ್ಲಿ ಒಂದು ಕಸುಬು ಕಲಿಸುವುದು ಅದರ ಕ್ರಮ. ಅದರಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ತರಬೇತಿಯಲ್ಲ, ತರಬೇತಿ ಮುಗಿದ ಮೇಲಿನ ಎರಡು ವರ್ಷ. ಸುರು ಮಾಡಿದೆಯಾ, ಸಾಲ ಸಿಕ್ಕಿತಾ, ಎಲ್ಲಿ ಸಿಕ್ಕಿಹಾಕಿಕೊಂಡೆ ಎಂದು ಎರಡು ವರ್ಷ ಕೇಳುತ್ತಲೇ ಇರುತ್ತಾರೆ. ಮುಂದೆ ಕೇಂದ್ರ ಸರ್ಕಾರ ಇದೇ ಮಾದರಿಯಲ್ಲಿ ಜಿಲ್ಲೆಜಿಲ್ಲೆಯಲ್ಲಿ ಬ್ಯಾಂಕುಗಳಿಂದ ಆರ್‌ಸೆಟಿ ಸಂಸ್ಥೆಗಳನ್ನು ತೆರೆಸಿತು. ದೇಶಕ್ಕೆ ಹೋದ ಆ ಕ್ರಮ ನಮ್ಮ ಉಜಿರೆಯಲ್ಲಿ ಮೊಳೆತದ್ದು ಎಂಬುದು ನನಗೆ ಹೆಮ್ಮೆ.

ಅಲ್ಲಿ ಮೊದಲ ದಿನ ಒಬ್ಬರು ಕೇಳಿದರು, “ನೀವು ಹನ್ನೆರಡು ವರ್ಷ ಏನು ಮಾಡಿದಿರಿ?” ಪಾಠ ಮಾಡಿದೆ ಎಂದೆ. “ಅದಲ್ಲಮ್ಮ, ಬೆಳಿಗ್ಗೆಯಿಂದ ಸಂಜೆಯವರೆಗೆ ಕೈಯಿಂದ, ಕಣ್ಣಿನಿಂದ ಏನು ಮಾಡಿದಿರಿ, ಅದು ಹೇಳಿ.” ಯೋಚಿಸಿ ಹೇಳಿದೆ. ನಲವತ್ತು ಮಕ್ಕಳನ್ನು ಸಾಲಿನಲ್ಲಿ ಕೂರಿಸಿ ಯಾರ ಮುಖ ಬಾಡಿದೆ ಎಂದು ನೋಡುತ್ತಿದ್ದೆ. ದಿನವೂ ಹಾಜರಿ ಬರೆಯುತ್ತಿದ್ದೆ. ಒಂದೇ ವಿಷಯವನ್ನು ಹತ್ತು ಸಲ ಹೇಳಿದರೂ ಬೇಸರ ಆಗುತ್ತಿರಲಿಲ್ಲ. ಅವರು ನಕ್ಕು, “ಹಾಗಾದರೆ ನಿಮಗೆ ನರ್ಸರಿ ಆಗುತ್ತದೆ” ಎಂದರು. ಮಕ್ಕಳ ನರ್ಸರಿ ಎಂದುಕೊಂಡಿದ್ದೆ. ಅವರು ಹೇಳಿದ್ದು ಸಸಿಗಳದ್ದು.

ಕಸಿಯ ಒಳಗುಟ್ಟು ಅಲ್ಲಿ ಕಲಿತೆ, ಪುತ್ತೂರಿನ ಗೇರು ಸಂಶೋಧನಾ ಕೇಂದ್ರಕ್ಕೆ ಹೋಗಿ ನೋಡಿ ಬಂದೆ. ಕಡ್ಡಿ ಕೊಯ್ಯುವ ವಾರ ಹತ್ತು ದಿನ ಮೊದಲೇ ಮರದಲ್ಲಿ ಆ ರೆಂಬೆಯ ಎಲೆ ಕತ್ತರಿಸಿ, ತೊಟ್ಟು ಮಾತ್ರ ಬಿಟ್ಟಿರಬೇಕು. ಆಗ ಮೊಗ್ಗು ಉಬ್ಬಿ ತಯಾರಾಗಿರುತ್ತದೆ. ಈ ಒಂದು ಪಾಠ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ಮರದಿಂದ ಬೇರೆಯಾಗುವ ರೆಂಬೆಗೂ ಹತ್ತು ದಿನದ ಮುನ್ಸೂಚನೆ ಕೊಡುತ್ತೇವೆ. ಬೀಡಿಯ ಹೆಂಗಸರಿಗೆ ಯಾರು ಕೊಟ್ಟರು?

ರಬ್ಬರಿನ ಕಣ್ಣು ಕಸಿ ಕಲಿಸಿದವರು ಬೆಳ್ತಂಗಡಿಯ ಮಲೆಯ ಕಡೆಯ ಒಬ್ಬ ಮಲಯಾಳಿ ಕ್ರೈಸ್ತ ಅಜ್ಜಿ. ಅರುವತ್ತು ವರ್ಷದ ಕೆಳಗೆ ತಿರುವಾಂಕೂರಿನಿಂದ ಅವರ ಮನೆಯವರು ಇಲ್ಲಿನ ಕಾಡಿನ ಅಂಚಿಗೆ ಬಂದಾಗ ಜ್ವರ, ಕಾಡುಹಂದಿ, ಭಾಷೆ ಬಾರದ ಊರು. ಮರಗೆಣಸು ನೆಟ್ಟು ಹೊಟ್ಟೆ ಹೊರೆದರು, ಆಮೇಲೆ ರಬ್ಬರ್. ಅಂಥ ಮನೆಗಳು ಎಷ್ಟಾದವೆಂದರೆ 1999ರಲ್ಲಿ ಬೆಳ್ತಂಗಡಿಯೇ ಅವರ ಒಂದು ಧರ್ಮಪ್ರಾಂತವಾಯಿತು. ರಬ್ಬರಿಗೂ ಕೆಟ್ಟ ಕಾಲ ಬಂತು. 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿದ್ದು ನಾಲ್ಕೈದು ವರ್ಷದಲ್ಲಿ ಅರ್ಧಕ್ಕೆ ಬಿತ್ತು. ಅಜ್ಜಿ ಕೈ ಒರೆಸಿಕೊಳ್ಳುತ್ತ ಹೇಳಿದರು, “ಮರ ಕಡಿಯುವುದು ಬೇಡ ಮೋಳೆ. ನಡುವೆ ಮೆಣಸು ಬಿಡುವುದು, ನೋಡುವುದು.” ಅವರ ಕನ್ನಡದಲ್ಲಿ ತುಳುವೂ ಇತ್ತು, ಮಲಯಾಳವೂ ಇತ್ತು. ನನಗೆ ಎಲ್ಲ ಅರ್ಥವಾಯಿತು.

ಜಗಲಿಯ ಬದಿಯಲ್ಲಿ ಮೊದಲ ಸಲ ಮುನ್ನೂರು ಗೇರಿನ ಗಿಡ ಇಟ್ಟುಕೊಂಡು ಕೂತಾಗ ಅಮ್ಮ ದೂರ ಕೂತು ನೋಡುತ್ತಿದ್ದರು. ನನ್ನ ಪಟ್ಟಿ ಜಾರುತ್ತಿತ್ತು. ಗಂಟು ಹಾಕಿದರೆ ಕಡ್ಡಿ ಅಲುಗುತ್ತಿತ್ತು. ಮೂರನೆಯ ದಿನ ಅಮ್ಮ ಏನೂ ಹೇಳದೆ ಹತ್ತಿರ ಬಂದು ಕೂತರು. ಗೋಡೆಗೆ ನೇತುಹಾಕಿದ್ದ ಹಳೆಯ ಸೂಪನ್ನು ತೆಗೆದು ತೊಡೆಯ ಮೇಲಿಟ್ಟು, ಅದರಲ್ಲಿ ಕಡ್ಡಿ, ಪಟ್ಟಿ, ಬ್ಲೇಡು ಜೋಡಿಸಿಕೊಂಡರು. ಒಂದು ಗಿಡ ಎತ್ತಿ ಎಡಗೈಯ ಹೆಬ್ಬೆರಳಿನಿಂದ ಕೂಡಿದ ಜಾಗವನ್ನು ಒತ್ತಿ ಹಿಡಿದರು. ಬಲಗೈಯ ಬೆರಳು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತುತ್ತ ಹೋಯಿತು. ಕೊನೆಯಲ್ಲಿ ಕಿರುಬೆರಳಿನಿಂದ ತುದಿಯನ್ನು ಒಳಗೆ ತೂರಿ ಎಳೆದರು. ಗಂಟು ಕಾಣಲೇ ಇಲ್ಲ. ಬೀಡಿಯ ನೂಲು ಕಟ್ಟುತ್ತಿದ್ದ ಅದೇ ಬೆರಳು. ನನಗೆ ಕಣ್ಣು ತುಂಬಿಬಂತು. “ಎಂತ ನೋಡ್ತಾ ಇದ್ದಿ?” ಎಂದರು ಅಮ್ಮ, “ಇನ್ನೊಂದು ಕೊಡು.”

ನಮ್ಮ ನರ್ಸರಿಗೆ ಈಗ ಏಳು ವರ್ಷ. ಉಳ್ಳಾಲ, ವೆಂಗುರ್ಲ, ಭಾಸ್ಕರ ಎಂದು ಗೇರಿನ ತಳಿಗಳು, ಹಲಸಿನ ಕಸಿ, ಹಿಪ್ಪಲಿಯ ಮೇಲೆ ಕಟ್ಟಿದ ಪೊದೆಮೆಣಸು. ಬೀಡಿ ಬಿಟ್ಟ ಮೂರು ಮಂದಿ ಅಕ್ಕಂದಿರು ನಮ್ಮ ಜಗಲಿಗೆ ಬರುತ್ತಾರೆ. ಇನ್ನಿಬ್ಬರಿಗೆ ಇದು ಆಗಲಿಲ್ಲ. ಒಬ್ಬರು ಮಲ್ಲಿಗೆ ನೆಟ್ಟು ಬಾಳೆನಾರಿನಲ್ಲಿ ಹೂ ಕಟ್ಟಿ ಅಟ್ಟೆ ಲೆಕ್ಕದಲ್ಲಿ ಕೊಡುತ್ತಾರೆ. ಇನ್ನೊಬ್ಬರು ಇನ್ನೂ ಬೀಡಿಯಲ್ಲೇ ಇದ್ದಾರೆ, ಬರುವಷ್ಟು ಎಲೆ ಬರಲಿ ಎಂದು. ಅವರಿಗೆ ಅರುವತ್ತೆಂಟು. ಅವರನ್ನು ಬದಲಾಗು ಎಂದು ಒತ್ತಾಯಿಸಲು ನನಗೆ ಮನಸ್ಸಿಲ್ಲ. ಅವರ ಹಕ್ಕಿನ ಪಿಂಚಣಿಯ ಕಾಗದಕ್ಕೆ ಓಡಾಡುತ್ತಿದ್ದೇನೆ.

ಶಾಲೆಯ ಹಾಜರಿ ಪುಸ್ತಕದ ಖಾಲಿ ಉಳಿದ ಪುಟಗಳಲ್ಲಿ ಈಗ ಕಸಿಗಿಡಗಳ ಲೆಕ್ಕ ಬರೆಯುತ್ತೇನೆ. ಕಟ್ಟಿದ ತಾರೀಕು, ಕಟ್ಟಿದವರ ಹೆಸರು, ಚಿಗುರಿದ್ದು, ಒಣಗಿದ್ದು.

ನಿನ್ನೆ ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಕಾರ್ತೆಲ್ ತಿಂಗಳ ಕೊನೆಗೆ ಕಟ್ಟಿದ ಸಾಲಿನ ಟೊಪ್ಪಿಗಳನ್ನು ತೆಗೆಯುತ್ತ ಹೋದೆ. ಏಳನೆಯ ಗಿಡದಲ್ಲಿ ಅಕ್ಕಿಕಾಳಿನಷ್ಟು ಕೆಂಪು ಚಿಗುರು. ಸಂತೋಷಕ್ಕೆ ಪಟ್ಟಿಗೂ ಕೈ ಹಾಕಿದೆ. ಅಮ್ಮ ಜಗಲಿಯಿಂದಲೇ ಕೂಗಿದರು, “ಅದನ್ನು ಈಗ ಬಿಚ್ಚಬೇಡ ಮಗಾ. ಇನ್ನೂ ಎರಡು ತಿಂಗಳು ಇರಲಿ.”